ಕೋವಾ ಹೊಳಿ ದಂಡಿ ಕಲ್ಲು, ದ್ರಾಕ್ಷಿ, ಮತ್ತ ನಮ್ಮ ಮುಳುಗಡಿ

ಪೋರ್ಚುಗಲ್ಲಿನಿಂದ ಬಂದ ಮ್ಯಾಲೆ ಎಲ್ಲಾರೂ ನನಗ ಕೇಳಿದ್ದು ಒಂದ ಪ್ರಶ್ನೆ: "ವೈನಿ, ವೈನ್ ಕುಡದ್ರಂತ, ಹೌದೇನು?" ಹೌದು, ರುಚಿ ನೋಡೀನಿ, ಅದನ್ನೂ ಹೇಳ್ತೀನಿ. ಆದ್ರ ಅದಕ್ಕಿಂತ ಮೊದಲ ಹೇಳೂದು ಒಂದು ಕಲ್ಲಿನ ಕಥಿ ಅದ. ಬಾಗಲಕೋಟಿ ಕಡೆಯವರು, ಮುಳುಗಡಿ ಕಂಡವರು, ಇದನ್ನ ಪೂರಾ ಓದಬೇಕು. ಉಳಿದವರು ವೈನ್ ಬಂದಲ್ಲಿಗೆ ಜಿಗದು ಓದಿದ್ರೂ ನನಗ ಸಿಟ್ಟಿಲ್ಲ.

ಕೋವಾ ಅಂದ್ರ ನಾವು ಜಾಮೂನಿಗೆ ಹಾಕೋ ಖೋವಾ ಅಲ್ಲ. ಪೋರ್ಚುಗಲ್ ದೇಶದ ಈಶಾನ್ಯ ಮೂಲ್ಯಾಗ ಹರಿಯೋ ಒಂದು ಸಣ್ಣ ಹೊಳಿ. ದಕ್ಷಿಣದಿಂದ ಉತ್ತರಕ್ಕ ಹರದು ದೋರು ಅನ್ನೋ ದೊಡ್ಡ ಹೊಳಿಗೆ ಕೂಡತದ. ಕೂಡೋ ಜಾಗಾದ ಹತ್ರ ಗುಡ್ಡದ ಮ್ಯಾಲೆ ವಿಲಾ ನೋವಾ ದ ಫೋಜ್ ಕೋವಾ ಅನ್ನೋ ಊರು. ಫೋಜ್ ಅಂದ್ರ ಹೊಳಿಬಾಯಿ. ಮಗಳು ಇರೋ ಪೋರ್ಟೊದಿಂದ ರೈಲು ಅದ. ದೋರು ಹೊಳಿ ದಂಡಿಗುಂಟ ಮೂರೂವರೆ ತಾಸು ಕೂತ್ರ ಪೊಸಿನ್ಯೊ ಅನ್ನೋ ಸ್ಟೇಶನ್ನಿಗೆ ಹಳಿ ಮುಗೀತದ, ಮುಂದ ಟ್ಯಾಕ್ಸಿ. ಫೆಬ್ರುವರಿ ಕಡೀ ವಾರ ಆಗಿದ್ದಕ್ಕ ಇಳಿಜಾರಿನ ತುಂಬ ಬಾದಾಮಿ ಗಿಡ ಹೂವು ಬಿಟ್ಟು ಬೆಳ್ಳಗ ನಿಂತಿದ್ವು. ಬಾದಾಮಿ ತಾಲೂಕಿನಾಗ ಹುಟ್ಟಿ ಬೆಳದಾಕಿ ನಾನು, ಬಾದಾಮಿ ಹೂವು ನೋಡಿದ್ದು ಮಾತ್ರ ಅಲ್ಲೇ.

ಈ ಹೊಳಿಯ ಎರಡೂ ದಂಡ್ಯಾಗ ಬಯಲೊಳಗ, ಮಳಿ ಬಿಸಿಲಿನಾಗ ನಿಂತ ಬಂಡೆಗಳ ಮ್ಯಾಲೆ, ಇಪ್ಪತ್ತೈದು ಸಾವಿರ ವರ್ಷದ ಹಿಂದಿನಿಂದ ಮನುಷ್ಯಾ ಪ್ರಾಣಿಗಳನ್ನ ಕೆತ್ತಿಕೋತ ಬಂದಾನ. ಹಿಮಯುಗದ ಚಿತ್ರ ಅಂದ್ರ ಗುಹೆಯೊಳಗ ಇರ್ತಾವ ಅಂತನ ನಾವೆಲ್ಲಾ ಶಾಲಿಯೊಳಗ ಕಲ್ತದ್ದು. ಫ್ರಾನ್ಸಿನ ಲಾಸ್ಕೋ, ಸ್ಪೇನಿನ ಆಲ್ತಮೀರಾ, ಎಲ್ಲಾ ಗುಹೆ. ಇಲ್ಲಿ ಹಂಗಿಲ್ಲ. ಇದುವರೆಗೂ ಸಾವಿರಕ್ಕಿಂತ ಹೆಚ್ಚು ಬಂಡೆ ಸಿಕ್ಕಾವ, ಅಷ್ಟೂ ಬಯಲಾಗ. ಹೊಳಿಗೆ ನೀರಿಗೆ ಹೋಗಿ ಬರೂ ದಾರಿಯೊಳಗ ಎಲ್ಲಾರ ಕಣ್ಣಿಗೆ ಬೀಳೂ ಹಂಗ ಕೆತ್ಯಾರ.

ನಿಮ್ಮ ಮನಸಿಗೆ ಬಂದಂಗ ಹೋಗಿ ನೋಡ್ಲಿಕ್ಕೆ ಬಿಡೂದಿಲ್ಲ. ಎಂಟು ಮಂದಿಯಷ್ಟ ಒಂದು ಜೀಪಿನಾಗ, ಜೊತಿಗೆ ಒಬ್ಬರು ಗೈಡ್. ಜೀಪ್ ಇಳದು ಮುಂದ ನಡೀಬೇಕು. ಬೆಳಿಗ್ಗೆ ಒಂದು ಕಡೆ ಕರ್ಕೊಂಡು ಹೋಗ್ತಾರ, ಮಧ್ಯಾಹ್ನದ ಮ್ಯಾಲೆ ಇನ್ನೊಂದು ಕಡೆ. ಅದಕ್ಕ ಕಾರಣ ಬೆಳಕು. ಹೆಂಗ ಅಂದ್ರ, ನಮ್ಮ ಮನ್ಯಾಗ ಮದುವಿ ಪಾತ್ರಿ ಇರ್ತಾವಲ್ಲ, ಅಂಗಡಿಯವ ಟಕ್ ಟಕ್ ಅಂತ ಚುಕ್ಕಿ ಚುಕ್ಕಿ ಹೊಡದು ಹೆಸರು ಹಾಕಿ ಕೊಟ್ಟಿದ್ದು, ಅದನ್ನ ನೆಟ್ಟಗ ಹಿಡದ್ರ ಏನೂ ಕಾಣೂದಿಲ್ಲ. ಓರೆ ಮಾಡಿ ಕಿಡಕಿ ಕಡೆ ಹಿಡದ್ರ "ಇದು ಗೋದಾವರಿ ಅತ್ಯಾನ ತಾಟು" ಅಂತ ಗೊತ್ತಾಗತದ. ಈ ಬಂಡೆಗಳೂ ಹಂಗ. ಸೂರ್ಯ ಓರೆ ಬಿದ್ದಾಗ ಮಾತ್ರ ಗೀರು ಏಳತಾವ. ನೆತ್ತಿ ಮ್ಯಾಲೆ ಬಂದ ಕೂಡಲೇ ಬಂಡಿ ಬರೇ ಬಂಡಿ.

ಕೆತ್ತಿದ್ದೂ ಪಾತ್ರಿಗೆ ಹೆಸರು ಹಾಕಿದಂಗನ. ಗಟ್ಟಿ ಕಲ್ಲಿನ ಮೊನೆಯಿಂದ ಚುಚ್ಚಿ ಚುಚ್ಚಿ ಗೆರಿ ಮಾಡಿದ್ದು ಒಂದು ಬಗಿ. ಆ ಚುಕ್ಕಿಗಳನ್ನ ತಿಕ್ಕಿ ತಿಕ್ಕಿ ಆಳ ಗಾಡಿ ಮಾಡಿದ್ದು ಇನ್ನೊಂದು. ಮೂರನೇದು ಕೂದಲ ಎಳಿಯಷ್ಟು ಸಣ್ಣ ಗೀರು, ಅದನ್ನ ಗೈಡ್ ಬೊಟ್ಟು ಮಾಡಿ ತೋರಿಸಿದ್ರೂ ಒಂದೆರಡು ನಿಮಿಷ ಕಣ್ಣು ಕಿರಿದು ಮಾಡಿ ನೋಡಬೇಕು. ಒಂದರ ಮ್ಯಾಲೆ ಒಂದು ಕೆತ್ಯಾರ. ಕುದುರಿ ಹೊಟ್ಟಿಯೊಳಗ ಎತ್ತಿನ ಕೋಡು, ಎತ್ತಿನ ಬೆನ್ನ ಮ್ಯಾಲೆ ಕಾಡುಮೇಕೆ. ಬಾಜು ಬಂಡಿ ಖಾಲಿ ಇದ್ರೂ ಇದ ಬಂಡಿ ಮ್ಯಾಲೆ ಯಾಕ ಕೆತ್ತಿದ್ರು ಅಂತ ಕೇಳಿದೆ. "ಅದನ್ನ ನಾವೂ ಕೇಳ್ಕೋತೀವಿ" ಅಂದ್ಲು ಗೈಡ್ ಹುಡುಗಿ. ನನಗ ಅನಿಸಿದ್ದು, ನಾವು ಅಜ್ಜಿ ಹೆಸರಿದ್ದ ತಂಬಗಿ ಮ್ಯಾಲೇನ ಸೊಸಿ ಹೆಸರೂ ಹಾಕಸ್ತೀವಲ್ಲ, ಹಂಗ ಇದ್ದೀತು.

ಬೆಳಿಗ್ಗೆ ನಾವು ಹೋದ ಜಾಗಾದ ಹೆಸರು ಕನಾಡಾ ದು ಇನ್ಫೆರ್ನೊ. ಕನ್ನಡದಾಗ ಹೇಳಬೇಕಂದ್ರ ನರಕದ ಕಣಿವಿ. ಎರಡೂ ಬಾಜೂ ಕಡಿದಾದ ಗುಡ್ಡ, ಕೆಳಗ ಹಸಿರು ನೀರು. ಇಳಿಯೋ ದಾರಿ ಮೊಣಕಾಲಿನವರಿಗೆ ಖರೇನ ನರಕ, ಕೋಲು ತೊಗೊಂಡು ಹೋಗ್ರಿ. ಬಂಡಿ ಒಂದೊಂದೂ ಗೋಡಿ ಎದ್ದು ನಿಂತಂಗ ನೆಟ್ಟಗ ಸೀಳಿ ನಿಂತಾವ. ಅಲ್ಲಿ ಕಾಣೋ ಎತ್ತು ನಮ್ಮ ಎತ್ತಲ್ಲ, ಔರೋಕ್ಸ್ ಅನ್ನೋ ಕಾಡು ದನ. ಈಗ ಭೂಮಿ ಮ್ಯಾಲೆ ಅದರ ಕುಲ ಇಲ್ಲ. ಕಡೀ ಆಕಳು ಪೋಲೆಂಡಿನ ಕಾಡಿನಾಗ 1627ರಾಗ ಸತ್ತಿತು ಅಂತ ದಾಖಲೆ ಅದ. ಯುರೋಪಿನ ಊರದನ ಎಲ್ಲಾ ಅದರ ವಂಶ. ನಮ್ಮ ಇಣಿ ಇರೋ ದನಗಳ ಮೂಲ ಹಿಂದೂಸ್ಥಾನದ ಔರೋಕ್ಸ್, ಅಂದ್ರ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಅನ್ನಬಹುದು.

ನಾವು ನಿಂತ ಜಾಗಾದಿಂದ ಸ್ವಲ್ಪ ಕೆಳಗ, ಹೊಳಿ ಹರಿಯೋ ದಿಕ್ಕಿನಾಗ, ಗುಡ್ಡಕ್ಕ ದೊಡ್ಡ ಗಾಯ ಆದಂಗ ಕಾಣತದ. ಗುಡ್ಡ ಕಡದು, ಬೋಳು ಮಾಡಿ ಬಿಟ್ಟಾರ. ಗಣಿ ಅಂದ್ಕೊಂಡಿದ್ದೆ, ಅಲ್ಲ. ಅದು ಅರ್ಧಕ್ಕ ಬಿಟ್ಟ ಅಣೆಕಟ್ಟು.

ಅದರ ಸುದ್ದಿ ಹಿಂಗದ. ನೂರು ಮೀಟರಿಗಿಂತ ಎತ್ತರದ ಆಣೆಕಟ್ಟು ಕಟ್ಟಿ ಕರೆಂಟ್ ತಗೀಬೇಕು ಅಂತ ಅಲ್ಲಿನ ವಿದ್ಯುತ್ ಕಂಪನಿ ಯೋಜನೆ ಹಾಕಿತ್ತು. ಮುಳುಗೋ ಜಾಗಾದಾಗ ಏನಾದ್ರೂ ಹಳೇದು ಅದನೋ ಅಂತ ನೋಡ್ಲಿಕ್ಕೆ ನೆಲ್ಸನ್ ರೆಬಾಂಡಾ ಅನ್ನೋ ಪುರಾತತ್ವದವರನ್ನ ನೇಮಿಸಿದ್ರು. 1991ರ ನವೆಂಬರಿನಾಗ ಅವರ ಕಣ್ಣಿಗೆ ಮೊದಲನೇ ಬಂಡಿ ಬಿತ್ತು. ಇದ ನರಕದ ಕಣಿವ್ಯಾಗ. ಆದ್ರ ಸುದ್ದಿ ಹೊರಗ ಬಂದದ್ದು 1994ರ ಕಡೀಗೆ. ಅಷ್ಟ್ರಾಗ ಯಂತ್ರಗಳು ಬಂದು ಗುಡ್ಡ ಕಡೀಲಿಕ್ಕೆ ಹತ್ತಿದ್ವು. ನಡುವ ಮೂರು ವರ್ಷ ಯಾರು ಏನು ಮುಚ್ಚಿಟ್ರು, ಯಾಕ ಮುಚ್ಚಿಟ್ರು ಅಂತ ಆ ದೇಶದ ಪತ್ರಿಕೆಗಳೊಳಗ ಭಾಳ ಜಗಳ ಆತು.

ಇನ್ನೊಂದು ಮಾತು ಅದ. ಆಗಲೇ ಒಂದು ಆಣೆಕಟ್ಟು ಕೆಳಗ ದೋರು ಹೊಳಿಗೆ ಇತ್ತು, ಆ ರೈಲು ಮುಗಿಯೋ ಪೊಸಿನ್ಯೊದಾಗ, 1980ರ ದಶಕದ ಸುರುವಾತಿನಾಗ ಕಟ್ಟಿದ್ದು. ಅದರ ಹಿನ್ನೀರು ಕೋವಾದೊಳಗೂ ಏರಿ ಎಷ್ಟೋ ಕೆತ್ತನೆ ಯಾರಿಗೂ ಗೊತ್ತಾಗೂದರೊಳಗ ನೀರಾಗ ಮುಳುಗಿ ಹೋಗಿದ್ವು. ಇವತ್ತಿಗೂ ಹಂಗ ಅವ. ನಾವು ನಿಂತ ಕಲ್ಲಿನ ಕಾಲಬುಡದಾಗ ನೀರು ತಟ್ ತಟ್ ಅಂತಿತ್ತು. "ಇದರ ಕೆಳಗೂ ಅವ" ಅಂತ ಆ ಹುಡುಗಿ ನೀರಿನ ಕಡೆ ಕೈ ಮಾಡಿದ್ಲು. ಎಲ್ಲಾರೂ ಬಗ್ಗಿ ನೋಡಿದ್ವಿ. ನಮ್ಮ ಮಾರಿ ಬಿಟ್ರ ಏನೂ ಕಾಣಲಿಲ್ಲ.

1995 ಪೂರ್ತಿ ಗದ್ದಲ. ಕಂಪನಿಯವರ ಕಡೆಯವರು ಹೇಳಿದ್ದು ಒಂದೆರಡಲ್ಲ. ಬಂಡೆ ಕಡದು ಬ್ಯಾರೆ ಕಡೆ ಸಾಗಸೋಣ ಅಂದ್ರು. ಅಚ್ಚು ತಗದು ನಕಲು ಮಾಡಿ ಇಡೋಣ ಅಂದ್ರು. ನೀರಾಗ ಇದ್ರನ ಹೆಚ್ಚು ಸುರಕ್ಷಿತ ಅಂತನೂ ಅಂದ್ರು. ಈ ಕಡೀ ಮಾತು ಕೇಳಿದಾಗ ನನಗ ನಗಿ ತಡಕೊಳ್ಳಿಕ್ಕೆ ಆಗಲಿಲ್ಲ. ಆಮ್ಯಾಲೆ, ಕೆತ್ತನೆ ಅಷ್ಟೇನು ಹಳೇವಲ್ಲ, ಕೆಲವ ಸಾವಿರ ವರ್ಷದವು ಅಂತ ಒಂದಿಬ್ಬರು ತಜ್ಞರು ವರದಿ ಕೊಟ್ರು. ಕಂಪನಿ ಕರಸಿದ ತಜ್ಞರು ಅವರು. ಉಳಿದ ಪುರಾತತ್ವದವರು ಚಿತ್ರದ ರೀತಿ ನೋಡಿ ಇದು ಹಿಮಯುಗದ್ದ ಅಂತ ಪಟ್ಟು ಹಿಡದ್ರು.

ಜನ ಎದ್ದದ್ದು ಮಾತ್ರ ಫೋಜ್ ಕೋವಾದ ಹೈಸ್ಕೂಲ್ ಹುಡುಗರಿಂದ. ಆಗಿನ ಕಾಲಕ್ಕ ಎಲ್ಲಾ ಹುಡುಗರ ಬಾಯಾಗ ಇದ್ದ ಒಂದು ಹಾಡಿನ ಮಾತು ತಿರುವಿ, "ಕೆತ್ತನೆಗಳಿಗೆ ಈಜು ಬರೂದಿಲ್ಲ" ಅಂತ ಘೋಷಣೆ ಮಾಡ್ಕೊಂಡ್ರು. ಅದು ದೇಶದ ತುಂಬ ಹಬ್ಬಿತು. 1995ರ ಅಕ್ಟೋಬರಿನಾಗ ಚುನಾವಣಿ. ಆಂತೋನಿಯೊ ಗುಟೆರೆಸ್ ಅವರ ಪಕ್ಷ ಗೆದ್ದಿತು, ಹೊಸ ಸರ್ಕಾರ ನವೆಂಬರಿನಾಗ ಕೆಲಸ ನಿಲ್ಲಿಸಿತು. ಮುಂದ 2017ರಾಗ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಆದ್ರಲ್ಲ, ಅವರ. 1996ರಾಗ ಕಣಿವಿ ಪುರಾತತ್ವ ಉದ್ಯಾನ ಆತು. 1998ರ ಡಿಸೆಂಬರಿನಾಗ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ನಾವು ನಮ್ಮ ಪಟ್ಟದಕಲ್ಲಿಗೆ ಅಂತೀವಲ್ಲ, ಅದ ಪಟ್ಟಿ.

ವಯಸ್ಸಿನ ಜಗಳ ಮುಗದದ್ದು ಅದಾದ ಮ್ಯಾಲೆ, 1999ರ ಕಡೀಗೆ. ಫರಿಜೇವು ಅನ್ನೋ ಜಾಗಾದಾಗ ಹಿನ್ನೀರು ಇಳಿಸಿದಾಗ ಒಂದು ಕೆತ್ತಿದ ಬಂಡಿ ಸಿಕ್ಕಿತು, ಅದರ ಅರ್ಧ ಮಣ್ಣಾಗ ಹೂತಿತ್ತು. ಆ ಮಣ್ಣಿನ ಪದರಿನಾಗ ಹಿಮಯುಗದ ಮಂದಿಯ ಕಲ್ಲಿನ ಹತ್ಯಾರಗಳು. ಮಣ್ಣು ಮುಚ್ಚೂದಕ್ಕಿಂತ ಮೊದಲ ಚಿತ್ರ ಕೆತ್ತಿರಬೇಕಲ್ಲ? ಉಪ್ಪಿನಕಾಯಿ ಭರಣಿ ಮ್ಯಾಲಿನ ಬಟ್ಟಿ ಮ್ಯಾಲೆ ಹತ್ತು ವರ್ಷದ ಧೂಳಿದ್ರ ಒಳಗಿನ ಉಪ್ಪಿನಕಾಯಿ ನಿನ್ನೆ ಹಾಕಿದ್ದು ಅಂತ ಯಾರ ಹೇಳ್ತಾರ? ಅದ ಫರಿಜೇವುದಾಗ 2020ರಾಗ ಮೂರೂವರೆ ಮೀಟರಿಗಿಂತ ಉದ್ದದ ಒಂದು ಔರೋಕ್ಸ್ ಸಿಕ್ಕದ. ನಮ್ಮ ಪಡಸಾಲಿ ಗೋಡಿ ಪೂರಾ ಒಂದ ಎತ್ತು ಅಂತ ತಿಳ್ಕೋರಿ.

ಈಗ ನಮ್ಮ ಸುದ್ದಿ. ಆಲಮಟ್ಟಿಗೆ ಲಾಲ್ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲು ಹಾಕಿದ್ದು 1964ರಾಗ. ನೀರು ಬಂದು ಬಾಗಲಕೋಟಿ ಹಳೇ ಊರಿನ ಮನಿಗಳ ಬುಡ ಮುಟ್ಟೂದಕ್ಕ ಮುಂದ ಮೂರು ಡಝನ್ ವರ್ಷಕ್ಕಿಂತ ಹೆಚ್ಚು ಹಿಡೀತು. ಅಷ್ಟು ವರ್ಷ ನಮ್ಮ ಅತ್ತಿಯವರ ತವರ ಮನ್ಯಾಗ ಗೋಡಿಗೆ ಸುಣ್ಣ ಹಚ್ಚಲಿಲ್ಲ, "ಹೆಂಗೂ ಮುಳಗತದ" ಅಂತ. ಹೆಣ್ಣು ಕೊಡೋರೂ "ಮುಳುಗೋ ಊರು" ಅಂತ ಹಿಂದ ಸರೀತಿದ್ರು. ಕಡೀಗೆ ಬಾಗಲಾ, ತೊಲಿ, ಜಂತಿ, ಕಂಬ ಕಿತ್ತು ಲಾರಿಯೊಳಗ ಹೇರಿ ನವನಗರಕ್ಕ ಒಯ್ದ್ರು. ಬೀಸೂಕಲ್ಲು ಮಾತ್ರ ಅಡಗಿಮನಿ ನೆಲದಾಗ ಹೂತಿದ್ದು ಕೀಳ್ಲಿಕ್ಕೆ ಬರಲಿಲ್ಲ. ಅತ್ತಿ ಅದಕ್ಕ ಅರಿಶಿಣ ಕುಂಕುಮ ಹಚ್ಚಿ ಬಂದ್ರು. ಪರಿಹಾರದ ಕಾಗದ ಹಿಡ್ಕೊಂಡು ಒಂದು ಕಚೇರಿಗೆ ನಮ್ಮ ಮಾವನವರು ಎಷ್ಟು ಸಲ ತಿರಿಗ್ಯಾರ ಅಂದ್ರ, ಅಲ್ಲಿನ ಜವಾನ ಮನಿ ಮಂದಿ ಹೆಸರು ಹಿಡದು ಕ್ಷೇಮ ಕೇಳ್ತಿದ್ದ.

ಆ ನರಕದ ಕಣಿವ್ಯಾಗ ನಿಂತು ನನಗ ಮೊದಲ ಬಂದದ್ದು ಹೊಟ್ಟಿಕಿಚ್ಚು. ಎತ್ತಿನ ಚಿತ್ರಕ್ಕ ಈಜು ಬರೂದಿಲ್ಲಂತ, ನಮ್ಮ ಅತ್ತಿಯ ಬೀಸೂಕಲ್ಲಿಗೆ ಬರತಿತ್ತೇನು? ಆದ್ರ ಇದನ್ನ ಅಷ್ಟಕ್ಕ ಬಿಡ್ಲಿಕ್ಕೆ ಆಗೂದಿಲ್ಲ. ಆಲಮಟ್ಟಿ ನೀರು ಬಂದ ಮ್ಯಾಲೆ ವಿಜಯಪುರ ಕಡೆ ಕೆರಿ ತುಂಬ್ಯಾವ, ಬರದಾಗ ಟ್ಯಾಂಕರ್ ನೀರು ಹಾಕಿ ದ್ರಾಕ್ಷಿ ಬಳ್ಳಿ ಉಳಿಸ್ಕೋತಿದ್ದ ಮಂದಿ ಈಗ ಉಸಿರು ಬಿಟ್ಟಾರ. ನಾವು ಪಾಯಸಕ್ಕ ಹಾಕೋ ಒಣದ್ರಾಕ್ಷಿ ಎಲ್ಲಿಂದ ಬರತದ? ನಮ್ಮಲ್ಲಿ ಆಣೆಕಟ್ಟು ಮನಿ ಮುಳುಗಿಸಿ ದ್ರಾಕ್ಷಿ ಬೆಳಸಿತು. ಅಲ್ಲಿ ಆಣೆಕಟ್ಟು ನಿಂತು ದ್ರಾಕ್ಷಿ ಉಳೀತು. ಹೆಂಗ ಅಂತ ಮುಂದ ಹೇಳ್ತೀನಿ.

ಮಧ್ಯಾಹ್ನ ಮ್ಯಾಲೆ ಆಚಿ ದಂಡಿಯ ಪೆನಾಸ್ಕೋಜಾ. ಇಲ್ಲಿ ನಡೀಲಿಕ್ಕೆ ಆರಾಮ, ಹೊಳಿ ದಂಡಿ ಮಟ್ಟಸ ಜಾಗಾ. ಇಲ್ಲಿನ ಚಿತ್ರ ನೋಡಿದ್ರ ಮಕ್ಕಳಿಗೂ ಖುಷಿ ಆಗತದ. ಒಂದು ಕುದುರಿಗೆ ಮೂರು ತಲಿ. ರಾಕ್ಷಸ ಕುದುರಿ ಅಲ್ಲ, ತಲಿ ಮ್ಯಾಲಿಂದ ಕೆಳಗ ತರೋ ಚಲನೆ ತೋರಸ್ಲಿಕ್ಕೆ ಒಂದ ಮೈಗೆ ಮೂರು ತಲಿ ಕೆತ್ಯಾನ. ಸಿನಿಮಾ ರೀಲಿನಂಗ. ಗಂಡು ಕುದುರಿ ಹೆಣ್ಣು ಕುದುರಿ ಮ್ಯಾಲೆ ಏರಿದ ಚಿತ್ರ ಅದು, ಮಕ್ಕಳಿಗೆ ಹೇಳಬೇಕಾದ್ರ ನೀವ ನೋಡ್ಕೋರಿ. ಗೈಡ್ ಮಾತ್ರ ಭಾಜಿ ಹೆಚ್ಚೂದು ಹೇಳಿಕೊಟ್ಟಷ್ಟು ಸಹಜ ಹೇಳಿದ್ಲು. ಒಂದು ಮೀನೂ ಅದ. ಹಿಮಯುಗದವರು ಮೀನು ಕೆತ್ತೂದು ಕಡಿಮಿ, ಅದಕ್ಕ ಅದರ ಮುಂದ ಎಲ್ಲಾರೂ ಹೆಚ್ಚು ಹೊತ್ತು ನಿಲ್ತಾರ. ಕಾಡುಮೇಕೆ ಒಂದು ತಲಿ ಹಿಂದ ತಿರುವಿ, "ಯಾರ ಬಂದ್ರು?" ಅಂತ ನೋಡೂ ಹಂಗದ.

ಕೆತ್ತೂದು ಹಿಮಯುಗಕ್ಕ ನಿಂತಿಲ್ಲ. ಕಬ್ಬಿಣಯುಗದವರು ಈಟಿ ಹಿಡದ ಕುದುರಿ ಸವಾರರನ್ನ ಕೆತ್ಯಾರ. ಇತ್ತೀಚಿನತನ, 1950ರ ಹತ್ರದ ತನಕ, ಹೊಳಿ ದಂಡ್ಯಾಗ ನೀರಿನ ಗಿರಣಿ ಇಟ್ಕೊಂಡಿದ್ದ ಮಂದಿ ಶಿಲುಬೆ, ಸಂತರು, ದೋಣಿ, ರೈಲು ಕೆತ್ಯಾರ. ಗಿರಣಿಯವ ಹಿಟ್ಟು ಬೀಳೂತನಕ ಕೂತು ಏನು ಮಾಡಬೇಕು? ಇದು ನನಗ ಭಾಳ ಮನಸಿಗೆ ಹಿಡಿಸಿತು. ಇಪ್ಪತ್ತೈದು ಸಾವಿರ ವರ್ಷದ ಎತ್ತಿನ ಚಿತ್ರಕ್ಕೂ ಆ ಗಿರಣಿಯವನ ರೈಲಿಗೂ ಅದ ಕಲ್ಲು, ಅದ ಹೊಳಿ. ಆದ್ರ 2017ರಾಗ ಯಾರೋ ಒಬ್ಬರು ಹಿಮಯುಗದ ಮನುಷ್ಯಾನ ಚಿತ್ರದ ಮ್ಯಾಲೆ ಸೈಕಲ್ ಚಿತ್ರ ಗೀಚಿದಾಗ ದೇಶಕ್ಕ ದೇಶನ ಸಿಟ್ಟಿಗೆದ್ದಿತು. ಎದ್ದದ್ದು ಸರೀನ. ಗಿರಣಿಯವನಿಗೆ ತನ್ನ ಕಲ್ಲಿನ ಕೆಳಗ ಏನದ ಅಂತ ಗೊತ್ತಿರಲಿಲ್ಲ, ಸೈಕಲ್‌ನವನಿಗೆ ಗೊತ್ತಿತ್ತು.

ಇನ್ನ ವೈನ್. ಜಿಗದು ಬಂದವರು ಇಲ್ಲಿ ಕೂತ್ಕೋರಿ.

ಜೀಪ್ ಸೀದಾ ಒಂದು ಮನೆತನದವರ ದ್ರಾಕ್ಷಿ ತ್ವಾಟಕ್ಕ ಹೋತು. ಗಿಡಕ್ಕ ಆಧಾರ ಕೊಟ್ಟ ಕಂಬ ಎಲ್ಲಾ ಕಲ್ಲಿನ ಸೀಳು. ಚಿತ್ರ ಕೆತ್ತಿದ್ದೂ ಅದ ಕಲ್ಲು, ಪದರ ಪದರ ಇರೋ ಶಿಸ್ಟ್. ನೆಟ್ಟಗ ಸೀಳತದ, ಅದಕ್ಕ ಹಿಮಯುಗದವನಿಗೆ ನುಣುಪು ಗೋಡಿ ಸಿಕ್ಕಿತು. ಸೀಳಿನೊಳಗ ದ್ರಾಕ್ಷಿ ಬೇರು ಆಳಕ್ಕ ಇಳದು ನೀರು ಹುಡುಕ್ತದ, ಅದಕ್ಕ ಮಣ್ಣ ಇಲ್ಲದ ಆ ಒಣ ಗುಡ್ಡದಾಗ ಬಳ್ಳಿ ಬದುಕತದ. ಬ್ಯಾಸಗಿ ಅಲ್ಲಿ ನಮ್ಮ ರಾಯಚೂರಿನಂಗ ಸುಡತದಂತ.

ದೋರು ಕಣಿವೆಯ ವೈನಿಗೆ ಪೊಂಬಾಲ್ ಅನ್ನೋ ಮಂತ್ರಿ 1756ರಾಗನ ಗಡಿ ಹಾಕಿ, ಇಷ್ಟ ಜಾಗಾದ ವೈನಿಗೆ ಮಾತ್ರ ಈ ಹೆಸರು ಅಂತ ಕಾಯದೆ ಮಾಡಿದ್ದ, ಗಡಿಗೆ ಕಲ್ಲಿನ ಕಂಬ ನೆಡಸಿದ್ದ. ನಮ್ಮ ಧಾರವಾಡ ಪೇಡೆಗೆ ಈಗ ಸಿಕ್ಕ ಹೆಸರಿನ ಹಕ್ಕು ಅದಲ್ಲ, ಹಂಗ. ಪೋರ್ಟ್ ವೈನ್ ಮಾಡೂದು ಹೆಂಗ ಅಂತ ಆ ಮನಿ ಹೆಣ್ಣುಮಗಳು ಹೇಳಿದ್ದು ನಮಗ ಭಾಳ ಲಗೂನ ತಿಳೀತು, ಯಾಕಂದ್ರ ದ್ವಾಸಿ ಹಿಟ್ಟು ಉಬ್ಬೂದು ನೋಡಿದವರು ನಾವು. ದ್ರಾಕ್ಷಿ ತುಳದು ರಸ ತಗೀತಾರ, ದೊಡ್ಡ ಕಲ್ಲಿನ ಹೊಂಡದಾಗ ಇಳದು ಕಾಲಿನಿಂದನ ತುಳೀತಿದ್ರು, ಕೆಲವರು ಈಗೂ ತುಳೀತಾರ. ರಸ ಉಬ್ಬಿ ಹುಳಿ ಹಿಡೀಲಿಕ್ಕೆ ಹತ್ತತದ, ಅದರೊಳಗಿನ ಸಕ್ಕರಿ ಮದ್ಯ ಆಗ್ತಾ ಹೋಗತದ. ಪೂರಾ ಬಿಟ್ರ ಸಿಹಿ ಉಳಿಯೂದಿಲ್ಲ. ಅರ್ಧಕ್ಕ, ಇನ್ನೂ ಸಿಹಿ ಇದ್ದಾಗನ, ದ್ರಾಕ್ಷಿಯಿಂದನ ಇಳಿಸಿದ ಖಡಕ್ ಮದ್ಯ ಸುರೀತಾರ, 77 ಪ್ರತಿಶತದ್ದು. ಉಬ್ಬಸೂ ಯೀಸ್ಟ್ ಅಲ್ಲಿಗೆ ಸಾಯತದ, ಸಿಹಿ ಹಂಗ ನಿಲ್ಲತದ. ಸಾದಾ ವೈನಿಗಿಂತ ಇದಕ್ಕ ಹೆಚ್ಚು ಕಿಕ್ಕು, 20 ಪ್ರತಿಶತದ ಹತ್ರ ಇರತದ. ಸಿಹಿ ಅದ ಅಂತ ಪಾನಕದಂಗ ಕುಡದ್ರ ಕೆಲಸ ಕೆಡತದ.

ನಾನು ಮೊದಲ ಕೇಳಿದ್ದು, ಇದರಾಗ ಮೊಟ್ಟಿ ಅದನೋ ಅಂತ. ಮಗಳು ನಾಚಿಕಿಂದ ಆಕಾಶ ನೋಡಿದ್ಲು. ಆದ್ರ ಪ್ರಶ್ನೆ ಸುಳ್ಳಲ್ಲ. ವೈನ್ ತಿಳಿ ಮಾಡ್ಲಿಕ್ಕೆ ಮೊಟ್ಟಿ ಬಿಳಿ, ಜೆಲಾಟಿನ್, ಹಾಲಿನ ಪ್ರೋಟೀನ್ ಹಾಕೋ ಪದ್ಧತಿ ಹಿಂದಿನಿಂದ ಅದ. ಒಂದು ಬಗಿ ಜೇಡಿಮಣ್ಣು ಹಾಕಿ ತಿಳಿ ಮಾಡೂದೂ ಅದ. ಆಕಿ ಬ್ಯಾಸರ ಮಾಡ್ಕೊಳ್ಳದ ಒಂದೊಂದ ಬಾಟ್ಲಿ ತೋರಿಸಿ ಹೇಳಿದ್ಲು. ಒಂದು ಕೆಂಪು ವೈನಿಗೆ ಮೊಟ್ಟಿ ಅಂದ್ಲು, ಅದನ್ನ ಬಿಟ್ಟೆ. ನೀವು ಎಲ್ಲಾದ್ರೂ ಹೋದ್ರ ಕೇಳ್ರಿ, ಅವರೇನೂ ತಪ್ಪು ತಿಳ್ಕೊಳ್ಳೂದಿಲ್ಲ. ಬಾಯಾಗ ಹಾಕ್ಕೊಂಡು ಉಗಳ್ಲಿಕ್ಕೆ ಒಂದು ಪಾತ್ರೀನೂ ಇಟ್ಟಿರ್ತಾರ, ಎಲಿ ಅಡಿಕಿ ಹಾಕ್ಕೊಳ್ಳೋರ ಪೀಕದಾನಿ ಹಂಗ. ಉಗಳೂದು ಅಲ್ಲಿ ಮರ್ಯಾದಿ ಕೆಲಸ.

ಬಿಳೀದು ಹುಳಿ, ನನಗ ಸೇರಲಿಲ್ಲ. ಟಾನಿ ಅನ್ನೋ ಪೋರ್ಟ್ ಮಾತ್ರ ಹೇಳಲೇಬೇಕು. ಕಟಗಿ ಪೀಪಾಯಿಯೊಳಗ ಹತ್ತು ವರ್ಷ ಕೂತು ಕೆಂಪು ಬಣ್ಣ ಹೋಗಿ ಜೇನಿನ ಬಣ್ಣ ಆಗಿರತದ. ಬಾಯಿಗೆ ಹಾಕಿದ್ರ ಒಣದ್ರಾಕ್ಷಿ, ಉತ್ತತ್ತಿ, ಬೆಲ್ಲದ ಪಾಕ ಸ್ವಲ್ಪ ಕರಗಾದಾಗ ಬರೋ ವಾಸನಿ. ಗಂಟಲು ಬೆಚ್ಚಗ. ಎರಡು ಗುಟುಕು ಕುಡದೆ, ಉಗಳಲಿಲ್ಲ. ಜೊತಿಗೆ ಹುರದ ಬಾದಾಮಿ, ಆಲಿವ್, ರೊಟ್ಟಿ ಇಟ್ಟಿದ್ರು. ನಾನು ಒಯ್ದ ಶೇಂಗಾ ಚಟ್ನಿಪುಡಿ ಆಲಿವ್ ಎಣ್ಣಿಯೊಳಗ ಕಲಸಿ ಕೊಟ್ಟೆ, ಆ ಹೆಣ್ಣುಮಗಳು ಮೂರು ಸಲ ಹಚ್ಕೊಂಡು ತಿಂದ್ಲು. ಮೆಣಸಿನಕಾಯಿ ನಮಗ ತಂದು ಕೊಟ್ಟವರು ನಿಮ್ಮ ಮಂದೀನ, ಈಗ ವಾಪಸ್ ಕೊಟ್ಟೆ ಅಂದೆ.

ಆಕೀನ ಎರ್ವಮೊಯ್ರಾ ಸುದ್ದಿ ಹೇಳಿದ್ದು. ಕೋವಾ ದಂಡ್ಯಾಗನ ಇರೋ ದೊಡ್ಡ ದ್ರಾಕ್ಷಿ ತ್ವಾಟ ಅದು. 1880ರಾಗ ಸುರುವಾದ ರಾಮೊಸ್ ಪಿಂಟೊ ಅನ್ನೋ ವೈನ್ ಮನೆತನದ ಜೋಸೆ ರಾಮೊಸ್ ಪಿಂಟೊ ರೋಜಸ್ 1974ರಾಗ ಆ ಜಾಗಾ ತೊಗೊಂಡ್ರು. ಅಲ್ಲಿತನ ದೋರು ಕಣಿವ್ಯಾಗ ಹತ್ತಾರು ಜಾತಿ ದ್ರಾಕ್ಷಿ ಒಂದ ತ್ವಾಟದಾಗ ಕಲಬೆರಕೆ ಹಚ್ತಿದ್ರು, ಯಾವ ಬಳ್ಳಿ ಯಾವುದು ಅಂತ ಅಜ್ಜಗಳಿಗೂ ಗೊತ್ತಿರ್ತಿರಲಿಲ್ಲ. ಇವರೂ ಇವರ ಅಳಿಯ ಜುವಾಂವ್ ನಿಕೊಲಾವು ದ ಅಲ್ಮೈದಾ ಅವರೂ ಒಂದೊಂದ ಜಾತಿ ಬ್ಯಾರೆ ಮಾಡಿ ಪರೀಕ್ಷೆ ಮಾಡಿದ್ರು, ಐದು ಜಾತಿ ಆರಿಸಿದ್ರು. ಎರ್ವಮೊಯ್ರಾದಾಗ ಒಂದೊಂದು ಜಾತಿಗೆ ಒಂದೊಂದು ತುಂಡು ಜಮೀನು. ಗಿಡ ಬೆಳದು ಫಲ ಕೊಡೋ ಹೊತ್ತಿಗೆ ಆಣೆಕಟ್ಟಿನ ನಕಾಶೆ ಬಂತು. ಕಟ್ಟಿದ್ರ ತ್ವಾಟ ನೀರಾಗ. ಇಪ್ಪತ್ತು ವರ್ಷದ ಕೆಲಸ ಹೋಗೂದಿತ್ತು, ದ್ರಾಕ್ಷಿ ತ್ವಾಟಕ್ಕೋಸ್ಕರ ಯಾವ ಸರ್ಕಾರ ಆಣೆಕಟ್ಟು ನಿಲ್ಲಸತದ? ನಿಲ್ಲಿಸಿದ್ದು ಎತ್ತು, ಕುದುರಿ. ಈಗೂ ಅಲ್ಲಿ ದ್ರಾಕ್ಷಿ ಬೆಳೀತದ.

ಹಂಗಂತ ಊರವರೆಲ್ಲಾ ಖುಷಿ ಅದಾರ ಅಂತಲ್ಲ. ಆವತ್ತು ಆಣೆಕಟ್ಟು ಬೇಕು ಅಂದ ಮಂದಿ ಊರಾಗ ಭಾಳ ಇದ್ರು, ಕೆಲಸ ಸಿಗತದ ಅಂತ. ಕೆತ್ತನೆ ನೋಡ್ಲಿಕ್ಕೆ ಜಗತ್ತ ಬರತದ, ಊರು ಉದ್ಧಾರ ಆಗತದ ಅಂತ ಅವರಿಗೆ ಹೇಳಿದ್ರು. ದೊಡ್ಡ ವಸ್ತುಸಂಗ್ರಹಾಲಯ ತಯಾರಾಗ್ಲಿಕ್ಕೆ 2010 ಬಂತು, ಹದಿನೈದು ವರ್ಷ. ಆಮ್ಯಾಲೂ ನಡಸೂದಕ್ಕ ರೊಕ್ಕದ ತಾಪತ್ರಯ ಬಂತು. ಟ್ಯಾಕ್ಸಿಯವ ಅಂದದ್ದು, "ಎತ್ತು ಉಳದ್ವು, ಹುಡುಗರು ಊರು ಬಿಟ್ರು" ಅಂತ.

ಇನ್ನೊಂದು ಸುದ್ದಿ ಯಾರೂ ತಾವಾಗಿ ಹೇಳೂದಿಲ್ಲ, ಮಗಳು ಓದಿ ತಿಳಿಸಿದ್ದು. ಕೋವಾಗ ಆಣೆಕಟ್ಟು ಬ್ಯಾಡ ಅಂದ ಮ್ಯಾಲೆ ಕರೆಂಟ್ ಬ್ಯಾಡ ಅಂದಂಗ ಆಗಲಿಲ್ಲ. ಬದಲಿ ಅಂತ ಬಾಜು ಕಣಿವೆಯ ಸಾಬೋರ್ ಹೊಳಿಗೆ ಕಟ್ಟಿದ್ರು. ಅದೂ ದೋರುವಿಗೆ ಕೂಡೋ ಹೊಳೀನ. 2010ರ ದಶಕದಾಗ ಅಲ್ಲಿ ನೀರು ನಿಂತಿತು. ಮುಳುಗೂದಕ್ಕ ಮೊದಲ ಅಗದಾಗ ಅಲ್ಲೂ ಹಿಮಯುಗದ ಗೀರು ಇರೋ ಸಣ್ಣ ಕಲ್ಲು ಸಾವಿರಕ್ಕಿಂತ ಹೆಚ್ಚು ಸಿಕ್ವು. ಸಾಂತು ಅಂತಾಂವ್ ಅನ್ನೋ ಸಂತನ ಹೊಳಿ ದಂಡಿ ಗುಡಿ ಬಿಚ್ಚಿ, ಮ್ಯಾಲೆ ಗುಡ್ಡದಾಗ ತಿರುಗಿ ಕಟ್ಟಿದ್ರು. ಓದಿ ಹೇಳೂ ಮುಂದ ನನಗ ನೆನಪಾದದ್ದು ಕೂಡಲಸಂಗಮದ ಐಕ್ಯಮಂಟಪ. ಸುತ್ತ ನಾರಾಯಣಪುರ ಜಲಾಶಯದ ನೀರು, ನಡುವ ಬಾವಿಯೊಳಗ ಇಳದಂಗ ಮೆಟ್ಟಲಾ ಇಳದು ಹೋಗ್ತೀವಲ್ಲ, ಅದು.

ನಮ್ಮ ಕಡೆ ಇಂಥಾ ಕಲ್ಲು ಇಲ್ಲೇನು ಅಂತ ಕೇಳ್ತೀರಿ, ಗೊತ್ತು. ಬಳ್ಳಾರಿ ಹತ್ರ ಕುಪ್ಪಗಲ್ಲು ಅಂತ ಊರದ. ಅಲ್ಲಿನ ಹಿರೇಗುಡ್ಡದ ಕರೀ ಬಂಡೆಗಳ ಮ್ಯಾಲೆ ಸಾಲಸಾಲಾಗಿ ಎತ್ತು ಕೆತ್ಯಾರ, ಇಣಿ, ಉದ್ದ ಕೋಡು, ನೋಡಿದ್ರ ನಮ್ಮ ಖಿಲಾರಿ ಎತ್ತಿನ ನೆನಪು ಬರತದ. ಕೋವಾದಷ್ಟು ಹಳೇವಲ್ಲ, ಹೊಸ ಶಿಲಾಯುಗದಾಗ ದನ ಸಾಕಿದ ಮಂದಿಯಿಂದ ಸುರುವಾದದ್ದು. ಅವರ ಬೂದಿದಿಬ್ಬಗಳು ಅಲ್ಲೇ ಸುತ್ತಮುತ್ತ ಅವ. ಆ ಕೆತ್ತನೆ ಇಂಗ್ಲಿಷ್ ಅಧಿಕಾರಿಗಳ ಕಣ್ಣಿಗೆ ಬಿದ್ದು 1892ರಾಗನ ಲೇಖನ ಪ್ರಕಟ ಆಗಿತ್ತು. ಕಲ್ಲಿನಿಂದ ಬಡದ್ರ ಗಂಟಿಯಂಗ ನಾದ ಕೊಡೋ ಬಂಡೆಗಳೂ ಆ ಗುಡ್ಡದಾಗ ಅವ, ಬಡದು ಬಡದು ತಗ್ಗು ಬಿದ್ದದ್ದು ಕಾಣತದ. ನೀರಿನ ಭಯ ಅಲ್ಲಿ ಇಲ್ಲ. ಕಲ್ಲು ಒಡಿಯೋರ ಭಯ. ರಸ್ತಾಕ್ಕ, ಕಟ್ಟಡಕ್ಕ ಅಂತ ಗುಡ್ಡದ ಒಂದು ಭಾಗ ಕ್ವಾರಿಗೆ ಹೋಗಿ ಚಿತ್ರಗಳಿಗೂ ಪೆಟ್ಟಾಗೇದ. ಅಲ್ಲಿ ಇಪ್ಪತ್ತು ಯೂರೊ ಕೊಟ್ಟು ಜೀಪ್ ಹತ್ತಿದ ನಾನು, ಮನಿಯಿಂದ ಒಂದು ದಿನದ ದಾರಿಯ ಇದನ್ನ ಇನ್ನೂ ನೋಡಿಲ್ಲ.

ಅದಕ್ಕ ಬರೋ ಡಿಸೆಂಬರಿನಾಗ, ಬಿಸಿಲು ಕಡಿಮಿ ಇದ್ದಾಗ, ಬಳ್ಳಾರಿಗೆ ಹೋಗೂದು ಅಂತ ಮಾಡೀನಿ. ಗುಡ್ಡ ಗೊತ್ತಿದ್ದವರು ಒಬ್ಬರನ್ನ ಜೊತಿಗೆ ಕರ್ಕೊಂಡ ಹೋಗಬೇಕು, ಬೆಳಿಗ್ಗೆ ಓರೆ ಬಿಸಿಲಿಗೆ ಮ್ಯಾಲೆ ಇರಬೇಕು. ಟೆಂಪೊ ಟ್ರಾವೆಲರಿನಾಗ ಹನ್ನೆರಡು ಮಂದಿ ಹಿಡೀತಾರ. ಸುಧಾ ವೈನಿ, ಕಮಲಾ ಮಾವಶಿ, ನವನಗರದ ಅತ್ಯಾ ಈಗಾಗಲೇ ಹ್ಞೂಂ ಅಂದಾರ. ಉಳಿದವರು ದಸರಾದೊಳಗ ಹೇಳ್ರಿ. ಬೂಟು ಹಾಕ್ಕೊಂಡು ಬರ್ರಿ, ಚಪ್ಪಲಿ ನಡಿಯೂದಿಲ್ಲ. ಚಪಾತಿ ನನ್ನದು, ಪಲ್ಯಾ ನಿಮ್ಮದು, ವೈನ್ ಯಾರೂ ತರಬ್ಯಾಡ್ರಿ.